ಬೆಂಚು ಎಳೆದುಕೊಂಡು ಹೋದವರು

1996ರಲ್ಲಿ ನಮ್ಮೂರಿನ ಪ್ರೆಸ್ಸಿಗೆ ಒಂದು ಕರಪತ್ರದ ಕೆಲಸ ಬಂತು. ಪಕ್ಕದ ಊರಿನ ಭಜನಾ ಮಂದಿರದಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ. ಐನೂರು ಪ್ರತಿ, ಗುಲಾಬಿ ಬಣ್ಣದ ಕಾಗದ, ಸಂಜೆಯೊಳಗೆ ಬೇಕು. ಮೊಳೆ ಜೋಡಿಸುವವನು ನಾನು, ಕರಡು ತಿದ್ದುವವನೂ ನಾನೇ. ಮಧ್ಯಾಹ್ನ ಊಟದ ಹೊತ್ತಿಗೆ ಗಡಂಗಿಗೆ ಹೋಗಿ ಬಂದು ಕೆಲಸ ಮುಗಿಸಿದೆ. ಟ್ರೆಡಲ್ ತುಳಿದು ಅಚ್ಚಾಗಿ ಬಂದದ್ದು ‘ಮದ್ಯಾರ್ಜನ ಶಿಬಿರ’. ಒಂದು ‘ದ್ಯ’ಕ್ಕೆ ದೀರ್ಘ ಬಿದ್ದು, ಒಂದು ‘ವ’ ಎದ್ದುಹೋಗಿತ್ತು. ಬಿಡುವುದಕ್ಕೆ ಕರೆದದ್ದು ಗಳಿಸುವುದಕ್ಕೆ ಕರೆದಂತಾಗಿತ್ತು.

ಕಟ್ಟು ಒಯ್ಯಲು ಬಂದ ನಿವೃತ್ತ ಮಾಸ್ಟ್ರು ಒಂದು ಹಾಳೆ ಎತ್ತಿ ಓದಿದರು. ನಗಲಿಲ್ಲ, ಬೈಯಲೂ ಇಲ್ಲ. ನನ್ನ ಬಾಯಿಯ ವಾಸನೆ ಅವರಿಗೆ ತಲುಪಿರಬೇಕು. “ಇದನ್ನು ತಿದ್ದಿ ಕೊಡಿ. ಮತ್ತೆ, ಒಂದು ಸೀಟು ಖಾಲಿ ಉಂಟು, ನಿಮ್ಮ ಹೆಸರು ಬರೆದುಕೊಳ್ಳಲಾ?” ಎಂದರು. ನಾನು ಸಿಟ್ಟಿನಿಂದ ಐನೂರನ್ನೂ ಪುಕ್ಕಟೆ ಮತ್ತೆ ಮುದ್ರಿಸಿಕೊಟ್ಟೆ. ಶಿಬಿರಕ್ಕೆ ಹೋಗಲಿಲ್ಲ. ಹೋದದ್ದು ಎರಡು ವರ್ಷ ಕಳೆದು.

ಆ ಎರಡು ವರ್ಷ ನಾನು ಸುಮ್ಮನೆ ಇರಲಿಲ್ಲ. ಕುಡಿಯುತ್ತಾ ಕುಡಿಯುತ್ತಾ ಬಿಡಿಸುವ ಗುಂಪುಗಳನ್ನು ಹುಡುಕುತ್ತಿದ್ದೆ. ಒಂದರಲ್ಲಿ ದೇವರು ಜಾಸ್ತಿ, ಇನ್ನೊಂದರಲ್ಲಿ ಇಂಗ್ಲಿಷ್ ಜಾಸ್ತಿ, ಮತ್ತೊಂದರಲ್ಲಿ ಬಾಗಿಲಿಗೆ ಹೊರಗಿನಿಂದ ಬೀಗ. ಯಾವುದೂ ನನಗೆ ಹೊಂದುವುದಿಲ್ಲ ಎಂದು ಹೆಂಡತಿಯ ಹತ್ತಿರ ಪಟ್ಟಿ ಒಪ್ಪಿಸುತ್ತಿದ್ದೆ. ಹೊಂದದ್ದು ಸಿಕ್ಕಿದಾಗಲೆಲ್ಲ ಒಳಗೊಳಗೆ ಸಮಾಧಾನವೂ ಆಗುತ್ತಿತ್ತು, ಅದನ್ನು ಈಗ ಒಪ್ಪಿಕೊಳ್ಳಬೇಕು. ಬಿಟ್ಟ ಮೇಲೆ ಸಂಜೆಗಳು ಉದ್ದವಾದವು. ಆ ಸಂಜೆಗಳಲ್ಲಿ ಈ ಗುಂಪುಗಳ ಚರಿತ್ರೆ ಓದತೊಡಗಿದೆ. ಓದಿದಷ್ಟೂ ಒಂದು ಸಂಗತಿ ನನ್ನನ್ನು ಬೆರಗಾಗಿಸಿತು: ಇವುಗಳಲ್ಲಿ ಹೆಚ್ಚಿನವನ್ನು ಕಟ್ಟಿದವರು ಅದಕ್ಕೆ ಮುಂಚಿನ ಒಂದು ಗುಂಪು ಹೊಂದದೆ ಎದ್ದು ಬಂದವರು. ಎದ್ದು ಬರುವಾಗ ತಮ್ಮ ಬೆಂಚನ್ನೂ ಎಳೆದುಕೊಂಡು ಬಂದವರು, ಅಷ್ಟೇ ವ್ಯತ್ಯಾಸ.

ಮೊದಲಿಗೆ ನಮ್ಮ ಕಡೆಯ ಕುಡಿತದ ಕತೆ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು 1954ರಲ್ಲಿ, ಆಗಿನ್ನೂ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರು ಮಾಡಿದ ಪಾನನಿಷೇಧ ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಇಡೀ ಮದ್ರಾಸು ಪ್ರಾಂತಕ್ಕೆ ಹಬ್ಬಿತ್ತು. ಹಾಗಾಗಿ ಕಾನೂನಿನ ಪ್ರಕಾರ ನಾನು ಒಣಗಿದ ಜಿಲ್ಲೆಯ ಮಗು. ಆದರೆ ಮಾರ್ಚಿ ಬಂತೆಂದರೆ ಗುಡ್ಡದಲ್ಲಿ ಗೇರುಹಣ್ಣು ಕೊಳೆಯುವ ವಾಸನೆ, ರಾತ್ರಿಯಾದರೆ ತೋಡಿನ ಬದಿಯಲ್ಲಿ ಕಳ್ಳಭಟ್ಟಿಯ ಹೊಗೆ. ಅಪ್ಪ ಕುಡಿದದ್ದು ಅದನ್ನೇ. ಮೈಸೂರು ರಾಜ್ಯ 1967ರಲ್ಲಿ ನಿಷೇಧ ತೆಗೆಯಿತು. ನಾನು ಪ್ರೆಸ್ಸಿಗೆ ಸೇರುವ ಹೊತ್ತಿಗೆ ಪೇಟೆಯ ಎರಡು ತುದಿಗೂ ಗಡಂಗು, ಆಮೇಲಾಮೇಲೆ ಹಲ್ಲಿನಿಂದ ಕಚ್ಚಿ ಹರಿಯುವ ಪ್ಯಾಕೆಟ್ ಸಾರಾಯಿ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಓದಿದ ದಿನವೂ ನಾನು ಗಡಂಗಿಗೆ ಹೋಗಿದ್ದೆ. ಅಲ್ಲಿ ಅದೇ ಮಾತು, ಎಲ್ಲರ ಕೈಯಲ್ಲೂ ಪ್ಯಾಕೆಟು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಗಡಂಗು ಹೋಯಿತು, ಬಾರು ಉಳಿಯಿತು. ಜನ ‘ಕ್ವಾರ್ಟರ್’, ‘ನೈಂಟಿ’ ಎಂಬ ಹೊಸ ಮಾತು ಕಲಿತರು. ಸರಕಾರ ಮುಚ್ಚಿದರೆ ಬಿಡುವವನಲ್ಲ, ತೆರೆದರೆ ಕಲಿಯಬೇಕಾದವನೂ ಅಲ್ಲ ನನ್ನಂಥವನು. ಆದ್ದರಿಂದ ಕಾನೂನಿನ ಕತೆ ಇಲ್ಲಿಗೆ ಸಾಕು.

ನನಗೆ ಬಲು ಇಷ್ಟವಾದ ಕತೆ ಅಮೆರಿಕದ ಬಾಲ್ಟಿಮೋರ್ ಪಟ್ಟಣದ್ದು. 1840ರ ಏಪ್ರಿಲಿನಲ್ಲಿ ಚೇಸ್ ಎಂಬವನ ಪಾನಗೃಹದಲ್ಲಿ ಆರು ಜನ ಕೂತಿದ್ದರು. ಒಬ್ಬ ದರ್ಜಿ, ಒಬ್ಬ ಬಡಗಿ, ಇಬ್ಬರು ಕಮ್ಮಾರರು, ಒಬ್ಬ ಗಾಡಿ ಮಾಡುವವ, ಒಬ್ಬ ಬೆಳ್ಳಿ ಕೆಲಸದವ. ಕಂಪೋಸಿಟರ್ ಒಬ್ಬನೂ ಇಲ್ಲವಲ್ಲ ಎಂಬುದೊಂದೇ ನನ್ನ ಕೊರಗು. ಹತ್ತಿರದಲ್ಲೆಲ್ಲೋ ಪಾನವಿರೋಧಿ ಭಾಷಣ ನಡೆಯುತ್ತಿತ್ತು. ತಮಾಷೆಗೆಂದು ಕೆಲವರನ್ನು ಕೇಳಿ ಬರಲು ಕಳಿಸಿದರು. ಬಂದವರು ವರದಿ ಒಪ್ಪಿಸಿದರು, ವಾದ ಹತ್ತಿತು, ಗ್ಲಾಸಿನ ಸುತ್ತಲೇ ಒಂದು ಸಂಘ ಹುಟ್ಟಿತು. ವಾಷಿಂಗ್ಟನ್ನನ ಹೆಸರು ಇಟ್ಟುಕೊಂಡರು. ದರ್ಜಿ ವಿಲಿಯಂ ಮಿಚೆಲ್ ಮುಂದಾಳು. ಕೆಲವು ಸಭೆಗಳನ್ನು ಅದೇ ಪಾನಗೃಹದಲ್ಲಿ ನಡೆಸಿದರಂತೆ. ಗಿರಾಕಿಗಳು ಕೈಬಿಟ್ಟು ಹೋಗುವುದನ್ನು ನೋಡಿ ಒಡೆಯನ ಹೆಂಡತಿ ತಕರಾರು ಮಾಡಿದ ಮೇಲೆ ಬಡಗಿಯ ಅಂಗಡಿಗೆ ಎದ್ದುಹೋದರು.

ಅದಕ್ಕೆ ಮುಂಚೆ ಕುಡುಕನಿಗೆ ಬುದ್ಧಿ ಹೇಳುತ್ತಿದ್ದವರು ಕುಡಿಯದವರು: ಪಾದ್ರಿ, ವೈದ್ಯ, ಗೌರವಸ್ಥ. ಇವರು ಅದನ್ನು ತಲೆಕೆಳಗು ಮಾಡಿದರು. ಭಾಷಣ ಬೇಡ, ಎದ್ದು ನಿಂತು ನಿನ್ನ ಪಾಡು ಹೇಳು, ಕೂತುಕೋ. ಹುಲ್ಲಿಗೆ ಬೆಂಕಿ ಬಿದ್ದಂತೆ ಇದು ಊರೂರಿಗೆ ಹಬ್ಬಿತು. ಹೆಂಗಸರು ವಾಷಿಂಗ್ಟನ್ನನ ಹೆಂಡತಿ ಮಾರ್ತಾಳ ಹೆಸರಿನಲ್ಲಿ ತಮ್ಮದೇ ಸಂಘ ಕಟ್ಟಿದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಇವರ ಸಭೆಯಲ್ಲಿ ಮಾತಾಡಿದವನು ಇನ್ನೂ ವಕೀಲನಾಗಿದ್ದ ಅಬ್ರಹಾಂ ಲಿಂಕನ್. ಅಷ್ಟು ದೊಡ್ಡದಾದದ್ದು ಹತ್ತು ವರ್ಷದೊಳಗೆ ಕರಗಿಹೋಯಿತು. ಮಾತುಗಾರರು ದುಡ್ಡು ತೆಗೆದುಕೊಂಡು ಊರೂರು ಸುತ್ತತೊಡಗಿದರು. ಕಾನೂನಿನಿಂದ ನಿಷೇಧ ತರಬೇಕೆಂಬ ರಾಜಕೀಯ ಒಳಗೆ ನುಗ್ಗಿತು. ಧರ್ಮ ಸಾಲದು ಎಂದು ಚರ್ಚಿನವರು ಮುನಿಸಿಕೊಂಡರು. ಕುಡುಕರ ಸಭೆಯಲ್ಲಿ ಕುಡುಕನಿಗೇ ಮಾತಾಡಲು ಹೊತ್ತಿಲ್ಲದಂತಾಯಿತು. ನಮ್ಮ ಕಡೆ ಯಕ್ಷಗಾನದ ಮೇಳ ಒಡೆಯುವುದೂ ಹೀಗೆಯೇ. ವೇಷಕ್ಕಿಂತ ಸನ್ಮಾನ ಹೆಚ್ಚಾದಾಗ.

ಇನ್ನು ಆಕ್ರನ್. ಓಹಿಯೋ ರಾಜ್ಯದ ಟಯರ್ ಕಾರ್ಖಾನೆಗಳ ಊರು. ನ್ಯೂಯಾರ್ಕಿನ ಶೇರು ವ್ಯವಹಾರದ ಬಿಲ್ ವಿಲ್ಸನ್ 1935ರ ಮೇ ತಿಂಗಳಲ್ಲಿ ಅಲ್ಲಿಗೆ ಒಂದು ಕಂಪನಿಯ ವ್ಯವಹಾರಕ್ಕೆ ಹೋಗಿ ಸೋತಿದ್ದ. ಕುಡಿತ ಬಿಟ್ಟು ಆಗಷ್ಟೇ ಐದು ತಿಂಗಳು. ಮೇಫ್ಲವರ್ ಹೋಟೆಲಿನ ಹಜಾರದ ಒಂದು ಬದಿಯಲ್ಲಿ ಬಾರು, ಒಳಗಿಂದ ನಗು. ಇನ್ನೊಂದು ಬದಿಯಲ್ಲಿ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ. ಆತ ಟೆಲಿಫೋನಿನ ಕಡೆ ಹೋದ. ನನಗೆ ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಕೇಳಿದ. ಒಬ್ಬರಿಂದ ಒಬ್ಬರಿಗೆ ಮಾತು ದಾಟಿ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಹೆಂಗಸಿಗೆ ತಲುಪಿತು. ಮಾರನೆಯ ದಿನ ಆಕೆಯ ಮನೆಗೆ ಶಸ್ತ್ರಚಿಕಿತ್ಸಕ ಡಾಕ್ಟರ್ ಬಾಬ್ ಸ್ಮಿತ್ ನಡುಗುವ ಕೈಗಳೊಡನೆ ಬಂದ. ಕಾಲು ಗಂಟೆ ಮಾತ್ರ ಎಂದು ಹೆಂಡತಿಗೆ ಮೊದಲೇ ಕರಾರು ಹಾಕಿದ್ದನಂತೆ. ಮಾತು ಮುಗಿಯುವಾಗ ರಾತ್ರಿಯಾಗಿತ್ತು.

ಈ ಪ್ರಸಂಗವನ್ನು ಪವಾಡದಂತೆ ಹೇಳುವವರಿದ್ದಾರೆ. ನನಗೆ ಹಿಡಿಸಿದ್ದು ಬೇರೆ. ಬಿಲ್ ಹೋದದ್ದು ಬಾಬನನ್ನು ಉದ್ಧರಿಸಲಿಕ್ಕೆ ಅಲ್ಲ, ತಾನು ಬಾರಿನ ಕಡೆ ಹೋಗದಿರಲಿಕ್ಕೆ. ಬಾಬನೂ ಕೂಡಲೇ ಬಿಟ್ಟವನಲ್ಲ. ನಡುವೆ ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋಗಿ ಚೆನ್ನಾಗಿ ಕುಡಿದು ಬಂದ. ಅವನ ಕೊನೆಯ ಗುಟುಕಿನ ದಿನ 1935ರ ಜೂನ್ 10. ಆಲ್ಕೊಹಾಲಿಕ್ಸ್ ಅನಾನಿಮಸ್, ಜನರ ಬಾಯಲ್ಲಿ ಎ.ಎ., ತನ್ನ ಹುಟ್ಟುಹಬ್ಬವೆಂದು ಎಣಿಸುವುದು ಅದನ್ನೇ.

ಆದರೆ ಆ ಹೊತ್ತಿಗೆ ಎ.ಎ. ಎಂಬ ಹೆಸರೇ ಇರಲಿಲ್ಲ. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟಕ್ಕೆ ಹೋಗುತ್ತಿದ್ದವರು. ಅಲ್ಲಿ ಎಲ್ಲರೆದುರು ಪಾಪನಿವೇದನೆ ಮಾಡಬೇಕು. ಕ್ಲೀವ್‌ಲ್ಯಾಂಡಿನಿಂದ ಬರುತ್ತಿದ್ದ ಕ್ಯಾಥೊಲಿಕರಿಗೆ ಇದು ಕಷ್ಟವಾಯಿತು. ಅವರ ಚರ್ಚು ಅದನ್ನು ಒಪ್ಪುವುದಿಲ್ಲ. 1939ರ ಮೇಯಲ್ಲಿ ಕ್ಲಾರೆನ್ಸ್ ಸ್ನೈಡರ್ ಎಂಬವನು ಆ ಕ್ಯಾಥೊಲಿಕರನ್ನು ಕಟ್ಟಿಕೊಂಡು ಬೇರೆಯಾದ. ಆಗ ತಾನೇ ಅಚ್ಚಾಗಿದ್ದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಪುಸ್ತಕದ ಹೆಸರನ್ನು ತಮ್ಮ ಗುಂಪಿಗೆ ಇಟ್ಟುಕೊಂಡರು. ಬೆಂಚು ಎಳೆದಾಗ ಸ್ವಲ್ಪ ಸದ್ದಾಯಿತು, ಜಗಳವೂ ಆಯಿತು. ಆದರೆ ಆ ಹೆಸರಿನ ಸಭೆ ಮೊದಲು ನಡೆದದ್ದು ಹಾಗೆ.

ಆ ಪುಸ್ತಕದ ವಿಷಯ ಬಂದರೆ ಮಾತ್ರ ಮೊಳೆ ಹಿಡಿದ ನನ್ನ ಬೆರಳು ತುರಿಸುತ್ತದೆ. 1939ರ ಏಪ್ರಿಲಿನಲ್ಲಿ ಕಾರ್ನ್‌ವಾಲ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಬೆಲೆ ಮೂರೂವರೆ ಡಾಲರು, ಆ ಕಾಲಕ್ಕೆ ದೊಡ್ಡ ಮೊತ್ತ. ಕೊಂಡವನಿಗೆ ಮೋಸವಾದೆ ಅನ್ನಿಸಬಾರದೆಂದು ಪ್ರೆಸ್ಸಿನಲ್ಲಿದ್ದ ಅತ್ಯಂತ ದಪ್ಪ ಕಾಗದಕ್ಕೆ ಮುದ್ರಿಸಿದರು. ‘ದೊಡ್ಡ ಪುಸ್ತಕ’ ಎಂಬ ಅಡ್ಡಹೆಸರು ಬಿದ್ದದ್ದು ಜ್ಞಾನದ ಭಾರದಿಂದ ಅಲ್ಲ, ಕಾಗದದ ಭಾರದಿಂದ. ಅಚ್ಚಿಗೆ ಮುಂಚೆ ನಾನೂರರಷ್ಟು ಕರಡು ಪ್ರತಿಗಳನ್ನು ಹಂಚಿ ಅಭಿಪ್ರಾಯ ಕೇಳಿದ್ದರು. ಗುಂಪಿನಲ್ಲಿ ದೇವರನ್ನು ನಂಬದ ಒಂದಿಬ್ಬರು ಇದ್ದರು, ಜಿಮ್ ಬರ್ವೆಲ್ ಅವರಲ್ಲೊಬ್ಬ. ಅವರು ಹಟ ಹಿಡಿದದ್ದರಿಂದ ದೇವರೆಂಬ ಮಾತಿನ ಪಕ್ಕದಲ್ಲಿ, ಅವರವರು ಅರಿತುಕೊಂಡ ಹಾಗೆ ಎಂಬ ಅರ್ಥದ ನಾಲ್ಕು ಪದ ಸೇರಿತು. ಕರಡು ತಿದ್ದುವವನಾಗಿ ಹೇಳುತ್ತೇನೆ: ನಾಲ್ಕು ಪದ ಸೇರಿಸಿ ಇಷ್ಟು ಜನರಿಗೆ ಬಾಗಿಲು ತೆರೆದ ತಿದ್ದುಪಡಿಯನ್ನು ನಾನು ಬೇರೆ ಕಂಡಿಲ್ಲ. 1941ರ ಮಾರ್ಚಿಯಲ್ಲಿ ಸಾಟರ್ಡೆ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರನ ಲೇಖನ ಬಂದ ಮೇಲೆ ಒಂದೇ ವರ್ಷದಲ್ಲಿ ಎರಡು ಸಾವಿರದ ಸಂಘ ಎಂಟು ಸಾವಿರ ದಾಟಿತು.

ದಾಟಿದ ಮೇಲೂ ಹೊಂದದವರು ಇದ್ದೇ ಇದ್ದರು. ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಸಮಾಜಶಾಸ್ತ್ರಜ್ಞೆ ಎ.ಎ.ಗೆ ಹೋಗಿ ಬಿಟ್ಟು, ಮತ್ತೆ ಬಿದ್ದು, ತಾನೇ ದಾರಿ ಹುಡುಕಿಕೊಂಡಳು. ಗಂಡಸಿಗೆ ಅಹಂಕಾರ ಇಳಿಸು ಎನ್ನಬಹುದು. ಮೊದಲೇ ನೆಲ ನೋಡಿಕೊಂಡು ಬದುಕುವ ಹೆಂಗಸಿಗೂ ಅದನ್ನೇ ಹೇಳಿದರೆ ಹೇಗೆ ಎಂಬುದು ಆಕೆಯ ಜಗಳ. 1975ರಲ್ಲಿ ಹೆಂಗಸರದೇ ಸಂಘ ಕಟ್ಟಿದಳು. ಹತ್ತು ವರ್ಷ ಕಳೆದು ಜೇಮ್ಸ್ ಕ್ರಿಸ್ಟೋಫರ್ ದೇವರ ಪ್ರಸ್ತಾಪವೇ ಇಲ್ಲದ ಗುಂಪು ಶುರು ಮಾಡಿದ. ಜಪಾನಿನಲ್ಲಿ ಇನ್ನೂ ಚೆಂದದ್ದಾಯಿತು. ಅಲ್ಲಿಯ ಕೋಚಿ ಎಂಬಲ್ಲಿ 1958ರಲ್ಲಿ ಮತ್ಸುಮುರಾ ಹರುಶಿಗೆ ಎಂಬವನು ಕಟ್ಟಿದ ದಾನ್ಶುಕಾಯಿ ಎಂಬ ಸಂಘದಲ್ಲಿ ಹೆಸರು ಮುಚ್ಚಿಡುವುದಿಲ್ಲ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬರಬೇಕು. 1963ರ ಹೊತ್ತಿಗೆ ಅದು ದೇಶದ ಒಕ್ಕೂಟವಾಯಿತು.

ಇದನ್ನು ಓದಿದಾಗ ನಾನು ಒಬ್ಬನೇ ನಕ್ಕೆ. ಯಾಕೆಂದರೆ ಹೆಸರು ಮುಚ್ಚಿಡುವ ನಿಯಮವೇ ನನಗೆ ಮೊದಲು ಗಂಟಲಲ್ಲಿ ಸಿಕ್ಕಿದ್ದು. ಎ.ಎ. ನಮ್ಮ ದೇಶಕ್ಕೆ ಬಂದದ್ದು 1957ರ ಸುಮಾರಿಗೆ, ಮುಂಬಯಿಯಲ್ಲಿ. ಮಂಗಳೂರಿನಲ್ಲಿ ನಾನು ಹೋದ ಸಭೆ ಒಂದು ಶಾಲೆಯ ಮಾಳಿಗೆಯಲ್ಲಿ ನಡೆಯುತ್ತಿತ್ತು. ಮಾತು ಇಂಗ್ಲಿಷು, ನಡುನಡುವೆ ಕೊಂಕಣಿ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಫ್ಯಾನಿನ ರೆಕ್ಕೆ ಎಣಿಸಿದೆ. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಮುಗಿದ ಮೇಲೆ ಜಗಲಿಗೆ ಕರೆದು, ಒಳಗೆ ಆದ ಮಾತನ್ನೆಲ್ಲ ತುಳುವಿನಲ್ಲಿ ಮತ್ತೊಮ್ಮೆ ಹೇಳಿದರು. “ಆರು ಸಲ ಬನ್ನಿ ಮಾರಾಯ್ರೆ. ಆಮೇಲೆ ಬೇಡ ಅಂತ ಕಂಡರೆ ಬೇಡ. ಒಂದು ಸಲಕ್ಕೆ ಗಡಂಗಿನ ರುಚಿಯೂ ನಿಮಗೆ ಹಿಡಿದಿರಲಿಕ್ಕಿಲ್ಲ ಅಲ್ವ?” ನಾನು ಮೂರು ಸಲ ಹೋದೆ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ಯಾರಿಗೂ ನಿಮ್ಮ ಹೆಸರು ಗೊತ್ತಾಗುವುದಿಲ್ಲ ಎಂದು ಅವರು ಧೈರ್ಯ ಹೇಳಿದಾಗ, ಯಾರಿಂದ ಮುಚ್ಚಿಡುವುದು ಎಂದು ನನಗೆ ಅರ್ಥವಾಗಲಿಲ್ಲ. ನಾನು ಯಾವ ಚರಂಡಿಯಲ್ಲಿ, ಯಾವ ಬದಿಗೆ ತಲೆ ಮಾಡಿ ಬಿದ್ದಿದ್ದೆ ಎಂಬುದು ಪಂಚಾಯತಿನವರಿಗೂ ಗೊತ್ತು. ಇದು ಆ ಸಭೆಯ ತಪ್ಪಲ್ಲ. ಬ್ಯಾಂಕಿನ ಗುಮಾಸ್ತನಿಗೆ, ಮೇಷ್ಟರಿಗೆ ಹೆಸರಿಲ್ಲದ ಆ ಕೋಣೆ ಜೀವ ಉಳಿಸಿದೆ. ಅಲ್ಲಿ ಇಪ್ಪತ್ತು ವರ್ಷ ಕಳೆದವರನ್ನು ನಾನು ಬಲ್ಲೆ. 2020ರಲ್ಲಿ ಕಾಕ್ರೇನ್ ಸಂಸ್ಥೆ ಇಪ್ಪತ್ತೇಳು ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಮಿಕ್ಕಿದ ಜನರ ವಿವರವನ್ನು, ತೂಗಿ ನೋಡಿತು. ಪೂರ್ತಿ ಬಿಟ್ಟು ಇರುವುದಕ್ಕೆ ಎ.ಎ. ಕಡೆಗೆ ಹಚ್ಚುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗೆ ಸರಿಸಮ, ಎಷ್ಟೋ ಸಲ ಒಂದು ಕೈ ಮೇಲು ಎಂದಿತು.

ಮೂರನೆಯ ಸಲ ಬಂದವನು ಶಪಥ ಮಾಡಿ ಮನೆಯಲ್ಲೇ ಒಬ್ಬನೇ ಬಿಟ್ಟೆ. ಮೂರನೆಯ ರಾತ್ರಿ ಗೋಡೆಯ ಮೇಲೆ ಹತ್ತು ಪಾಯಿಂಟಿನ ಮೊಳೆಗಳು ಸಾಲಾಗಿ ಇರುವೆಗಳ ಹಾಗೆ ನಡೆಯತೊಡಗಿದವು. ನಾನು ಕರಡು ತಿದ್ದಲು ಎದ್ದೆನಂತೆ, ಆಮೇಲೆ ಫಿಟ್ಸ್ ಬಂತಂತೆ. ತಾಲೂಕು ಆಸ್ಪತ್ರೆಯ ಡಾಕ್ಟರು ಹೆಂಡತಿಗೆ ಹೇಳಿದರು: ದಿನಾ ಕುಡಿಯುವವ ತಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು, ಮೊದಲ ವಾರ ಮದ್ದಿನ ಕೆಳಗೆ ಇರಬೇಕು, ಗುಂಪು, ಭಜನೆ, ಶಪಥ ಎಲ್ಲ ಅದರ ನಂತರ. ಗುಂಪು ಹುಡುಕಿಕೊಂಡು ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ, ಡಾಕ್ಟರಿಗೆ ತೋರಿಸಿದಿರಾ ಎಂದು.

1998ರಲ್ಲಿ ಮಾಸ್ಟ್ರ ಶಿಬಿರಕ್ಕೆ ಹೋದೆ. ಈ ಶಿಬಿರಗಳ ವಂಶಾವಳಿ ನಮ್ಮ ನೆಲದ್ದೇ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು ಕುಡಿತಕ್ಕೆ ಗಂಡನನ್ನು ಕಳಕೊಂಡು 1980ರಲ್ಲಿ ಟಿ.ಟಿ.ಕೆ. ಆಸ್ಪತ್ರೆ ಶುರು ಮಾಡಿದರು. 1989ರಲ್ಲಿ ಅವರ ತಂಡ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಗೇ ಚಿಕಿತ್ಸೆಯನ್ನು ಒಯ್ದಿತು. ಜಾಗ, ಊಟ ಊರಿನವರದು. ಮದ್ದು, ಮಾತು ಆಸ್ಪತ್ರೆಯವರದು. ನಮ್ಮಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಆರಂಭಿಸಿದರು. ಸಾಲದ ದುಡ್ಡು ಸಂಜೆಗೆ ಗಡಂಗಿಗೆ ಹೋದರೆ ಅಭಿವೃದ್ಧಿ ಎಲ್ಲಿಂದ ಬರಬೇಕು? ಆ ಪ್ರಶ್ನೆಯ ಬೆನ್ನಿಗೇ ಜನಜಾಗೃತಿ ವೇದಿಕೆ, ಅದರ ಮದ್ಯವರ್ಜನ ಶಿಬಿರಗಳು ಬಂದವು, ಕರ್ನಾಟಕದ ಊರೂರಿಗೆ ಹಬ್ಬಿದವು. ಶಾಲೆಯ ಹಾಲ್, ದೇವಸ್ಥಾನದ ಛತ್ರ, ಭಜನಾ ಮಂದಿರ. ಬೆಳಿಗ್ಗೆ ವ್ಯಾಯಾಮ, ಗಂಜಿ, ಡಾಕ್ಟರು, ಸಲಹೆಗಾರರು, ಸಂಜೆ ಭಜನೆ. ಒಂದು ದಿನ ಮನೆಯವರೂ ಬರುತ್ತಾರೆ. ಅಡುಗೆಗೆ ತೆಂಗಿನಕಾಯಿ ಕೊಟ್ಟವರ ಹೆಸರು ಬೋರ್ಡಿನಲ್ಲಿರುತ್ತದೆ. ಅವರಲ್ಲಿ ಅರ್ಧ ಜನಕ್ಕೆ ನಾನು ಸಾಲಗಾರ.

ಶಿಬಿರ ಮುಗಿದ ಮೇಲೆ ಉಳಿಯುವುದು ನವಜೀವನ ಸಮಿತಿ, ಬಿಟ್ಟವರ ಕೂಟ. ನಮ್ಮದು ಶುಕ್ರವಾರ ಸಂಜೆ, ಹಾಲಿನ ಸೊಸೈಟಿಯ ಜಗಲಿಯಲ್ಲಿ, ಕ್ಯಾನುಗಳನ್ನು ಬದಿಗೆ ಸರಿಸಿ. ನನಗೆ ಭಜನೆಯಲ್ಲಿ ಶ್ರುತಿಯೂ ಇಲ್ಲ, ಭಕ್ತಿಯೂ ಅಷ್ಟಕ್ಕಷ್ಟೆ. ಮಾಸ್ಟ್ರಿಗೆ ಹೇಳಿದೆ. “ಹಾಗಾದರೆ ತಾಳ ಹಿಡಿದುಕೊಂಡು ಕೂತುಕೊಳ್ಳಿ” ಎಂದರು. ಇಪ್ಪತ್ತು ಚಿಲ್ಲರೆ ವರ್ಷದಿಂದ ತಾಳ ನನ್ನ ಕೈಯಲ್ಲೇ ಇದೆ.

ಒಂದು ಶುಕ್ರವಾರ ಹೊಸಬನೊಬ್ಬ ತಲೆ ತಗ್ಗಿಸಿಕೊಂಡು ಕೇಳಿದ. ಅವನ ಮನೆಯಲ್ಲಿ ಕೊರಗಜ್ಜ ದೈವಕ್ಕೆ ಹರಕೆ ಇತ್ತು. ಅಜ್ಜನಿಗೆ ಬಡಿಸುವುದು ಚಕ್ಕುಲಿ, ವೀಳ್ಯ, ಕಳ್ಳು. ಮನೆಯ ಹಿರಿಮಗ, ಇಡುವವನು ಅವನೇ. ಕಳ್ಳಿನ ವಾಸನೆ ಮೂಗಿಗೆ ಬಂದರೆ ಏನು ಮಾಡುವುದು? ಇಡದಿದ್ದರೆ ಅಜ್ಜ ಮುನಿಯುವುದಿಲ್ಲವೆ? ಆಕ್ರನ್ನಿನಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ದಪ್ಪ ಕಾಗದದ ಪುಸ್ತಕದಲ್ಲಿಯೂ ಇಲ್ಲ. ಒಂದು ಗಂಟೆ ಚರ್ಚೆಯಾಯಿತು. ಮೂವತ್ತು ವರ್ಷ ತೆಂಗಿನಮರ ಹತ್ತಿ ಮೂರ್ತೆ ಮಾಡಿ ಕಳ್ಳು ಇಳಿಸಿದ್ದ, ಬಿಟ್ಟು ಎಂಟು ವರ್ಷವಾಗಿದ್ದ ಹಿರಿಯರೊಬ್ಬರು ಕೊನೆಗೆ ಬಾಯಿ ಬಿಟ್ಟರು: “ತಮ್ಮನ ಹತ್ತಿರ ಇಡಿಸು. ಅಜ್ಜನದ್ದು ಅಜ್ಜನಿಗೆ. ನಿನ್ನ ಪಾಲಿಗೆ ಚಕ್ಕುಲಿ ಉಂಟಲ್ಲ ಮಾರಾಯ.” ಹರಕೆಯ ದಿನ ನಮ್ಮಲ್ಲಿ ನಾಲ್ಕು ಜನ ಅವನ ಎರಡೂ ಬದಿಗೆ ನಿಂತಿದ್ದೆವು. ಚಕ್ಕುಲಿ ತುಂಬ ಗಟ್ಟಿ ಇತ್ತು.

ಕಳೆದ ಮಳೆಗಾಲದಲ್ಲಿ ಒಂದು ಫೋನು ಬಂತು. ಹೆಂಗಸಿನ ಸ್ವರ. ನಿಮ್ಮ ಶುಕ್ರವಾರಕ್ಕೆ ಹೆಂಗಸರು ಬರ್ತಾರಾ ಎಂದು ಕೇಳಿತು. ಗಂಡನ ವಿಷಯವಾಗಿರಬೇಕೆಂದುಕೊಂಡು, ಮನೆಯವರು ಬರಬಹುದು ಎಂದೆ. “ಮನೆಯವರಿಗಲ್ಲ, ನನಗೆ” ಎಂದರು. ನನ್ನ ಬಾಯಿ ಕಟ್ಟಿತು. ಹಾಲಿನ ಸೊಸೈಟಿಯ ಜಗಲಿಯಲ್ಲಿ ಹದಿನೆಂಟು ಗಂಡಸರ ನಡುವೆ, ದಾರಿಯಲ್ಲಿ ಹೋಗುವವರೆಲ್ಲ ನೋಡುವ ಕಡೆ, ಅವರನ್ನು ಬನ್ನಿ ಅನ್ನುವುದು ಹೇಗೆ? ಹೆಸರು ಮುಚ್ಚಿಡುವ ಕೋಣೆ ಯಾಕೆ ಬೇಕೆಂದು ನನಗೆ ಆವತ್ತು ತಿಳಿಯಿತು. ನನ್ನವಳು ಒಳಗಿನಿಂದ ಬಂದು ಫೋನು ತೆಗೆದುಕೊಂಡಳು. ಇಪ್ಪತ್ತು ನಿಮಿಷ ಮಾತಾಡಿದಳು. ಮೊದಲು ಕೇಳಿದ್ದು ಡಾಕ್ಟರಿಗೆ ತೋರಿಸಿದಿರಾ ಎಂದು. ಕೊನೆಗೆ ಮಂಗಳವಾರ ಮೂರು ಗಂಟೆ, ನಮ್ಮ ಮನೆ, ಹಿತ್ತಿಲ ಬಾಗಿಲು ಎಂದಳು.

ಈಗ ಇಬ್ಬರು ಬರುತ್ತಾರೆ. ನನಗೆ ಒಳಗೆ ಪ್ರವೇಶ ಇಲ್ಲ. ಚಾ ಮಾಡಿ ಹೊಸ್ತಿಲಲ್ಲಿ ಇಟ್ಟು ಬಾಗಿಲು ತಟ್ಟುತ್ತೇನೆ, ಜಗಲಿಯ ಬೆಂಚು ಒಳಗೆ ಹೋಗಿರುವುದರಿಂದ ಮೆಟ್ಟಿಲ ಮೇಲೆ ಕೂತುಕೊಳ್ಳುತ್ತೇನೆ.